ಬೊಮ್ಮಯ್ಯ ಕೆಳಗಿಟ್ಟ ಬೆತ್ತ

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎ.ಎನ್.ಎಂ. ಆಗಿದ್ದೆ. ಹೆರಿಗೆ ಮಾಡಿಸುವುದು, ಬಾಣಂತಿ ಮತ್ತು ಕೂಸುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಊರವರ ಬಾಯಲ್ಲಿ ನಾನು ನರ್ಸಮ್ಮ. ಕೇಂದ್ರಕ್ಕೆ ಎರಡು ಕೋಣೆ, ಒಂದು ಜಗಲಿ, ಹಿತ್ತಿಲಲ್ಲಿ ಸೀಬೆಮರ. ಬೆಳಿಗ್ಗೆ ನಾನು ಬೀಗ ತೆಗೆಯುವ ಹೊತ್ತಿಗೆ ಬೊಮ್ಮಯ್ಯ ಜಗಲಿಯಲ್ಲಿ ಕೂತಿರುತ್ತಿದ್ದ. ಒಳಗೆ ಬಂದವನೇ ಸೀಮೆಎಣ್ಣೆ ಸ್ಟವ್ ಹೊತ್ತಿಸಿ ಸೂಜಿಗಳನ್ನು ಕುದಿಯಲು ಇಡುತ್ತಿದ್ದ. ಆಮೇಲೆ ನಾವಿಬ್ಬರೂ ಬೆಲ್ಲದ ಕಾಫಿ ಕುಡಿಯುತ್ತಿದ್ದೆವು.

ಬೊಮ್ಮಯ್ಯ ವ್ಯಾಕ್ಸಿನೇಟರ್, ಅಂದರೆ ಸಿಡುಬಿನ ದಾಕು ಹಾಕುವವನು. ಕವಲು ಮೊನೆಯ ಪುಟ್ಟ ಸೂಜಿಯನ್ನು ಔಷಧಿಯಲ್ಲಿ ಅದ್ದಿ ತೋಳಿನ ಮೇಲೆ ಚುಚ್ಚುವುದು ಅವನ ಕೆಲಸ. ಕಾಡಂಚಿನ ಬುಡಕಟ್ಟು ಜನರ ಊರು ಬಿದಿರುಕಟ್ಟೆ ಹಾಡಿಯಿಂದ ಸರ್ಕಾರಿ ಕೆಲಸಕ್ಕೆ ಬಂದ ಮೊದಲನೆಯವನು ಅವನೇ. ಅವನ ಹೆಂಡತಿ ಮಕ್ಕಳು, ಅಣ್ಣನ ಸಂಸಾರ, ಕಣ್ಣು ಕಾಣದ ತಾಯಿ ಎಲ್ಲರೂ ನೆಚ್ಚಿಕೊಂಡಿದ್ದುದು ಆ ಸಂಬಳವನ್ನೇ.

ಅವನಿಗೆ ಇನ್ನೊಂದು ಕೆಲಸವೂ ಇತ್ತು, ಅದಕ್ಕೆ ಸಂಬಳವಿರಲಿಲ್ಲ. ಹಾಡಿಯ ಮಾರಮ್ಮನ ಬೆತ್ತ ಅವನ ಕೈಯಲ್ಲಿತ್ತು. ಮಂಗಳವಾರ ಸಂಜೆ ಕೆಲಸ ಮುಗಿಸಿ ಹೋಗಿ, ಸ್ನಾನ ಮಾಡಿ, ಮರದ ಬುಡದ ಕಲ್ಲಿನ ಮುಂದೆ ಅರಿಶಿನದ ಬಟ್ಟೆ ಸುತ್ತಿದ ಬೆತ್ತ ಹಿಡಿದು ನಿಂತರೆ ಅವನ ಮೈಮೇಲೆ ಅಮ್ಮ ಬರುತ್ತಿದ್ದಳು. ಜನ ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಏನು ಹೇಳಿದಳೆಂದು ಬುಧವಾರ ಅವನನ್ನು ಕೇಳಿದರೆ, "ನಂಗೇನ್ ಗೊತ್ತು ನರ್ಸಮ್ಮಾರೆ, ಕೇಳಿಸ್ಕಂಡೋರ್ನ ಕೇಳಿ" ಎನ್ನುತ್ತಿದ್ದ.

ನಮ್ಮ ಕಾಂಪೌಂಡರ್ ನಂಜಪ್ಪನವರಿಗೆ ತಮಾಷೆ ಜಾಸ್ತಿ. "ನಿಮ್ಮಮ್ಮಂಗೆ ಕ್ಯಾಶುಯಲ್ ಲೀವ್ ಬೇಕಾದ್ರೆ ಮೊದ್ಲೇ ಯೇಳ್ಬುಡು ಬೊಮ್ಮಣ್ಣ, ಸಾಹೇಬ್ರಿಗೆ ಬರ್ಕೊಡ್ತೀನಿ" ಎನ್ನುತ್ತಿದ್ದರು. ಬೊಮ್ಮಯ್ಯನೂ ನಗುತ್ತಿದ್ದ.

ಹಾಡಿಯ ಒಂದು ಕಟ್ಟಳೆಯನ್ನು ಇಲ್ಲಿ ಹೇಳಬೇಕು. ಸಿಡುಬು ಎದ್ದರೆ ಅವರು ಅದನ್ನು ರೋಗ ಎನ್ನುವುದಿಲ್ಲ, ಅಮ್ಮ ಬಂದವಳೆ ಎನ್ನುತ್ತಾರೆ. ಅವಳು ಹಾಡಿಯಲ್ಲಿರುವಷ್ಟು ದಿನ ಒಗ್ಗರಣೆ ಹಾಕುವುದಿಲ್ಲ, ಕ್ಷೌರ ಮಾಡಿಸುವುದಿಲ್ಲ, ಯಾರ ಮೈಗೂ ಕಬ್ಬಿಣ ತಾಗಿಸುವುದಿಲ್ಲ. ನಮ್ಮ ಸೂಜಿಯೂ ಕಬ್ಬಿಣವೇ. ಆದ್ದರಿಂದ ಸಿಡುಬು ಇಲ್ಲದ ಕಾಲದಲ್ಲೂ ದಾಕಿಗೆ ಮೊದಲು ಅಮ್ಮನ ಅಪ್ಪಣೆ ಕೇಳುವುದು ರೂಢಿ. ಬೆತ್ತ ಹಿಡಿದವನ ಬಾಯಲ್ಲಿ 'ಆಗಲಿ' ಎಂದು ಬಂದರೆ ತೋಳುಗಳು ಸಾಲಾಗಿ ಮುಂದೆ ಬರುತ್ತಿದ್ದವು. ಹೋದ ಸುತ್ತಿನಲ್ಲಿ, ಎರಡು ವರ್ಷದ ಹಿಂದೆ, 'ರಾಗಿ ಕೊಯ್ಲಾಗಲಿ' ಎಂದು ಬಂದಿತ್ತಂತೆ. ಬೊಮ್ಮಯ್ಯ ಸೂಜಿ ಚೀಲವನ್ನು ಹಾಗೆಯೇ ವಾಪಸ್ ತಂದು ಬೈಸಿಕೊಂಡಿದ್ದ. ಕೊಯ್ಲಾದ ಮೇಲೆಯೇ ದಾಕು ಬಿದ್ದದ್ದು.

ಆ ಬೇಸಿಗೆಯಲ್ಲಿ ಯಾರೋ ಅರ್ಜಿ ಹಾಕಿದರು. ಸರ್ಕಾರಿ ನೌಕರನೊಬ್ಬ ಮೈಮೇಲೆ ದೇವರು ಬರಿಸಿಕೊಂಡು ಸರ್ಕಾರದ ದಾಕನ್ನೇ ತಡೆಯುತ್ತಾನೆ ಎಂಬುದು ಸಾರಾಂಶ. ಹೊಸದಾಗಿ ಬಂದಿದ್ದ ನಮ್ಮ ವೈದ್ಯಾಧಿಕಾರಿ ಒಳ್ಳೆಯ ಮನುಷ್ಯ, ಚಿಕ್ಕ ವಯಸ್ಸು, ಮೇಲಿನವರೆಂದರೆ ಭಯ. ಬೊಮ್ಮಯ್ಯನನ್ನು ಕರೆದು ನಿಲ್ಲಿಸಿ ನಡತೆ ನಿಯಮ ಓದಿದರು. ನೌಕರನು ಇಲಾಖೆಗೆ ಕುಂದು ತರುವಂತೆ ನಡೆಯಬಾರದು ಎಂಬ ಸಾಲನ್ನು ಎರಡು ಸಲ ಓದಿದರು.

"ಡ್ಯೂಟಿ ಮುಗುದ್ ಮ್ಯಾಲೆ ಓಯ್ತೀನಿ ಸಾ" ಎಂದ ಬೊಮ್ಮಯ್ಯ.

"ಡ್ಯೂಟಿ ಮುಗಿದರೂ ನೀನು ಸರ್ಕಾರಿ ನೌಕರನೇ. ಚೀಲ ಬೇಕೋ, ಬೆತ್ತ ಬೇಕೋ? ಮೇಲಕ್ಕೆ ಉತ್ತರ ಬರೆಯಬೇಕು, ಹೇಳು."

ಬೊಮ್ಮಯ್ಯ ಜಗಲಿಯ ಕಡೆ ನೋಡಿದ. "ನಿಮ್ ಮನೆ ಸತ್ಯನಾರಾಯಣ ಪೂಜೆ ಪ್ರಸಾದ ಇದೇ ಜಗಲೀಲಿ ಅಂಚುದ್ರಿ ಸಾ. ನಾನೂ ತಿಂದಿವ್ನಿ. ಅದ್ಕೂ ಅರ್ಜಿ ಬಂದಿತ್ತಾ?"

ಸಾಹೇಬರ ಮುಖ ಕೆಂಪಾಯಿತು. "ಅದು ಬೇರೆ" ಎಂದರು. ಬೊಮ್ಮಯ್ಯನಿಗೆ ಹೊರಡಲು ಸನ್ನೆ ಮಾಡಿದರು. ಅವನು ಹೊರಗೆ ಹೋದ ಮೇಲೆ ನಾನು ಒಳಗೆ ಹೋಗಿ, "ಸಾರ್, ಹಾಡಿಯವರು ತೋಳು ಕೊಡೋದು ನಮ್ಮ ಚೀಲ ನೋಡಿ ಅಲ್ಲ" ಎಂದೆ. "ನೀವೂ ಹೀಗಂದರೆ ಹೇಗೆ ಸಿಸ್ಟರ್?" ಎಂದು ಅವರು ಕಾಗದದ ಮೇಲೆ ಕಣ್ಣು ಹಾಕಿದರು.

ಮುಂದಿನ ಮಂಗಳವಾರ ಬೊಮ್ಮಯ್ಯ ಬೆತ್ತವನ್ನು ಮರದ ಬುಡದಲ್ಲಿ ಇಟ್ಟು ಬಂದ. ಬುಧವಾರ ಕಾಫಿ ಕುಡಿಯುವಾಗ ಒಂದೇ ಮಾತು ಹೇಳಿದ: "ಮಡಗ್ಬುಟ್ಟೆ ನರ್ಸಮ್ಮಾರೆ. ಮಡಗಿದ್ ಕೈ ಮತ್ತೆ ಮುಟ್ಟಂಗಿಲ್ಲ. ಅವ್ಳು ಇನ್ ಯಾರ್ ಮೈಮ್ಯಾಲೆ ಬತ್ತಾಳೋ ಅವ್ರೇ ಎತ್ಕಬೇಕು." ಲೋಟದ ಕಾಫಿ ಅವನ ಕೈಯಲ್ಲೇ ಆರಿಹೋಯಿತು.

ಆಮೇಲಿನ ಮಂಗಳವಾರಗಳಲ್ಲಿ ಅವಳು ಯಾರ ಮೇಲೂ ಬರಲಿಲ್ಲ.

ಅಷ್ಟರಲ್ಲಿ ಕೊಡಗಿನ ತೋಟದ ಕೂಲಿ ಮುಗಿಸಿ ಹಾಡಿಗೆ ಮರಳಿದ ಕರಿಯ ಎಂಬ ಹುಡುಗನಿಗೆ ಜ್ವರ ಬಂತು. ಸುದ್ದಿ ಕೇಳಿ ನಾನೂ ಬೊಮ್ಮಯ್ಯನೂ ಹೋದೆವು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಹೊಸ್ತಿಲಾಚೆ ನಿಂತೇ ನೋಡಿದೆ: ಮುಖ, ಅಂಗೈ ತುಂಬ ಗುಳ್ಳೆ. ಸಿಡುಬೇ. ಇಂಥ ರೋಗಿಯ ಗಾಳಿ ಸೋಕಿದವರಿಗೆ ಮೊದಲ ಕೆಲವೇ ದಿನಗಳೊಳಗೆ ದಾಕು ಬಿದ್ದರೆ ರೋಗ ತಡೆಯಬಹುದು. ತಡವಾದರೆ ಸೂಜಿ ವ್ಯರ್ಥ.

ಹಾಡಿಯಲ್ಲಿ ಹೋದ ಸುತ್ತಿನ ಈಚೆಗೆ ಹುಟ್ಟಿದ, ದಾಕೇ ಬೀಳದ ಕೂಸುಗಳಿದ್ದವು. ಅದರಲ್ಲೊಂದು ಬೊಮ್ಮಯ್ಯನ ಅಣ್ಣನ ಮಗಳು ಮಾದಿ, ನಾನೇ ಹೆರಿಗೆ ಮಾಡಿಸಿದ ಮಗು. ಚಿಕ್ಕಪ್ಪನನ್ನು ಕಂಡರೆ ಚೀಲದ ಪಟ್ಟಿ ಹಿಡಿದು ಜೋತುಬೀಳುತ್ತಿದ್ದಳು. ಆ ದಿನವೂ ಹಿಡಿದಳು. ಅವಳ ತಾಯಿ ಮಾಸ್ತಮ್ಮ ಬಂದು ಮಗುವನ್ನು ಬಿಡಿಸಿಕೊಂಡಳು.

"ಅತ್ಗೆ, ಈ ಕೂಸ್ಗಾದ್ರೂ ಆಕ್ಬುಡ್ತೀನಿ" ಎಂದ ಬೊಮ್ಮಯ್ಯ.

"ಅಮ್ಮ ಒಳ್ಗವ್ಳೆ, ಕಬ್ಣ ತತ್ತೀಯಾ? ಅಪ್ಪಣೆ ಕೊಟ್ಟೋರ್ಯಾರು?"

"ಕೇಳಾಕೆ ಬೆತ್ತ ಇಡ್ಕಂಡೋರಿಲ್ವಲ್ಲ ಅತ್ಗೆ."

"ಇದ್ದ ಕಣಪ್ಪ ಒಬ್ಬ. ಸರ್ಕಾರ ಅವುನ್ಗೆ ಚೀಲ ಕೊಡ್ತು, ಬೆತ್ತ ಕಿತ್ಕತ್ತು. ಈಗ ಆ ಚೀಲ್ವೇ ಕುಣೀಲಿ ಬುಡು, ನೋಡ್ತೀವಿ."

ಸುತ್ತ ನಿಂತವರು ಯಾರೂ ನಗಲಿಲ್ಲ. ಬೊಮ್ಮಯ್ಯ ಮನೆಮನೆಯ ಮುಂದೆ ಕೈ ಮುಗಿದು ನಿಂತ. ಬಾಗಿಲುಗಳು ಮುಚ್ಚಿಕೊಂಡವು. ಎರಡು ಸಂಸಾರಗಳು ಆಗಲೇ ಮಡಕೆ ಕುಡಿಕೆ ಕಟ್ಟಿಕೊಂಡು ಕಾಡಿನ ಕಡೆ ಹೊರಟಿದ್ದವು. ಅವರು ಹೋದಲ್ಲಿಗೆ ರೋಗವೂ ಹೋಗುತ್ತದೆ ಎಂದು ಹೇಳುತ್ತ ಅವರ ಹಿಂದೆ ಓಡಿದೆ. ಅವರು ತಿರುಗಿಯೂ ನೋಡಲಿಲ್ಲ.

ಪೊಲೀಸರನ್ನು ಕರೆಸೋಣ ಎಂದರು ಸಾಹೇಬರು. ಕರೆಸಿದರೆ ಪೂರ್ತಿ ಹಾಡಿ ಕಾಡು ಸೇರುತ್ತದೆ ಎಂದೆ. ಅವರಿಗೂ ಅದು ಗೊತ್ತಿತ್ತು. ಮಾರನೆಯ ದಿನ ಅವರೇ ಹಾಡಿಗೆ ಬಂದರು. ಚಪ್ಪಲಿ ದೂರ ಬಿಟ್ಟು ಆ ಮರದ ಬುಡಕ್ಕೆ ಬಂದು ನಿಂತಾಗ ಅವರ ದನಿ ಇಳಿದಿತ್ತು.

"ಬೊಮ್ಮಯ್ಯ, ಬೆತ್ತ ತಗೋ. ಅರ್ಜಿ, ನಿಯಮ ಎಲ್ಲ ನಾನು ನೋಡ್ಕೋತೀನಿ."

"ಇಟ್ಟ ಕೈಗೆ ಬರಾಕಿಲ್ಲ ಸಾ."

"ಬಂದ ಹಾಗೆ ಮಾಡಪ್ಪ. ಒಂದು ಸಲ 'ಆಗಲಿ' ಅಂದುಬಿಡು, ಸಾಕು. ಮಕ್ಕಳ ಜೀವ."

ಬೊಮ್ಮಯ್ಯ ತಲೆಯೆತ್ತಿದ. "ನಾಟ್ಕ ಆಡ್ಲಾ ಸಾ, ಅವ್ಳ ಮುಂದೆ? ನಾನ್ ಆಡ್ತಿದ್ದುದ್ದು ನಾಟ್ಕ ಅಂತ್ಲೇ ಅಲ್ವಾ ನೀವು ಬುಡ್ಸಿದ್ದು?"

ಸಾಹೇಬರು ಅಲ್ಲೇ ಬೇರಿನ ಮೇಲೆ ಕೂತುಬಿಟ್ಟರು. ಬೊಮ್ಮಯ್ಯ ಚೀಲ ತೆಗೆದ. ಕಲ್ಲಿನ ಮುಂದೆ ಮಂಡಿಯೂರಿ, ಹಾಡಿಯೆಲ್ಲ ನೋಡುತ್ತಿರುವಾಗ, ಸೂಜಿಯನ್ನು ಔಷಧಿಯಲ್ಲಿ ಅದ್ದಿ ತನ್ನ ತೋಳಿಗೆ ತಾನೇ ಚುಚ್ಚಿಕೊಂಡ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. "ಕಬ್ಣ ತಗುಲ್ಸಿದೋನು ನಾನು ಕಣವ್ವ. ಮುನುಸ್ಕಳಂಗಿದ್ರೆ ನನ್ ಮ್ಯಾಲೆ ತೀರುಸ್ಕೊ" ಎಂದ. ಮತ್ತೆ ಅಲ್ಲಿಂದ ಏಳಲಿಲ್ಲ.

ಅಮ್ಮ ಅವನನ್ನು ಏನು ಮಾಡುತ್ತಾಳೆಂದು ಹಾಡಿ ಕಾದು ನೋಡಿತು. ನಾನು ದಿನಾ ಬೆಳಿಗ್ಗೆ ಮಜ್ಜಿಗೆ ತೆಗೆದುಕೊಂಡು ಹೋಗುತ್ತಿದ್ದೆ. ಬೇರೆ ಏನನ್ನೂ ಅವನು ಮುಟ್ಟುತ್ತಿರಲಿಲ್ಲ. ಮುಚ್ಚಿದ ಬಾಗಿಲುಗಳ ಹಿಂದೆ ಕೂಸುಗಳ ದನಿ ಕೇಳುತ್ತಿತ್ತು, ಎರಡು ಹೆಜ್ಜೆ ಆಚೆ ಬೊಮ್ಮಯ್ಯನ ಚೀಲದಲ್ಲಿ ಔಷಧಿ ಇತ್ತು. ನನ್ನ ಕೆಲಸದಲ್ಲಿ ಅಷ್ಟು ಕೈಲಾಗದೆ ಕೂತ ದಿನಗಳು ಬೇರೆ ಇಲ್ಲ. ಒಂದು ಬೆಳಿಗ್ಗೆ, "ಇವತ್ತು ಯಾರಾದ್ರೂ ಬತ್ತಾರಾ ನರ್ಸಮ್ಮಾರೆ?" ಎಂದು ಕೇಳಿದ. ಬರುತ್ತಾರೆ ಎಂದೆ. ಯಾರೂ ಬರಲಿಲ್ಲ.

ಕೊನೆಗೆ ಕರಿಯನ ಗುಳ್ಳೆ ಒಣಗತೊಡಗಿತು. ಬೊಮ್ಮಯ್ಯನಿಗೆ ಏನೂ ಆಗಿರಲಿಲ್ಲ. ಮೊದಲು ಬಂದದ್ದು ಅವನ ಕುರುಡು ತಾಯಿ, ಗೋಡೆ ಹಿಡಿದು, ತೋಳಿನ ಸೆರಗು ಸರಿಸಿಕೊಂಡು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಸಂಜೆ ಬೆಳಕಿರುವವರೆಗೂ ಚುಚ್ಚಿದೆವು. ಮಾಸ್ತಮ್ಮನೂ ಮಾದಿಯನ್ನು ಎತ್ತಿಕೊಂಡು ಬಂದಳು. ತೋಳು ಹಿಡಿದುಕೊಳ್ಳಲೆಂದು ಮುಟ್ಟಿದೆ. ಮಗುವಿನ ಮೈ ಸುಡುತ್ತಿತ್ತು. ನಾನು ಬೊಮ್ಮಯ್ಯನ ಮುಖ ನೋಡಿದೆ, ಅವನಿಗೂ ಗೊತ್ತಾಯಿತು. ಆದರೂ ಸೂಜಿ ಅದ್ದಿ, ಬಹಳ ಮೆಲ್ಲಗೆ, ಹಾಕಿದ. ಮಾದಿ ಅಳಲಿಲ್ಲ. ಅವನ ಚೀಲದ ಪಟ್ಟಿ ಹಿಡಿದುಕೊಂಡಿದ್ದಳು.

ಉಳಿದವರು ಉಳಿದರು. ಮಾದಿ ಉಳಿಯಲಿಲ್ಲ.

ಮಳೆಗಾಲದಲ್ಲಿ ಮೇಲಿನಿಂದ ಆದೇಶ ಬಂತು: ಸದರಿ ನೌಕರನು ಬೆತ್ತವನ್ನು ತ್ಯಜಿಸಿರುವುದರಿಂದ ಕ್ರಮ ಅನಗತ್ಯ. ಸಾಹೇಬರು ಅದನ್ನು ಓದಿ ಹೇಳಿ ಕಾಗದ ಮಡಿಸಿಟ್ಟರು. "ಆಯ್ತು ಸಾ" ಎಂದು ಬೊಮ್ಮಯ್ಯ ಸ್ಟವ್‌ಗೆ ಎಣ್ಣೆ ತುಂಬಿಸಲು ಹೋದ.

ನನಗೂ ಈಗ ನಿವೃತ್ತಿ ಹತ್ತಿರವಾಗಿದೆ. ಹೊಸಬರಿಗೆ ನಡತೆ ನಿಯಮದ ಪಾಠ ಮಾಡುವ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ನೌಕರ ಸೂಜಿ ಸರಿಯಾಗಿ ಕುದಿಸಿದನೇ, ಹೊತ್ತಿಗೆ ಬಂದನೇ, ಜನರಿಗೆ ಮೋಸ ಮಾಡಿದನೇ ಎಂದು ಕೇಳುವ ಹಕ್ಕು ನಮಗಿದೆ ಎನ್ನುತ್ತೇನೆ. ಮನೆಗೆ ಹೋಗಿ ಅವನು ಯಾವುದರ ಮುಂದೆ ಕೈ ಮುಗಿಯುತ್ತಾನೋ ಅದನ್ನು ಕೆಳಗಿಡು ಎನ್ನುವ ಮೊದಲು ಮಾತ್ರ ಬಹಳ ಯೋಚಿಸಿ. ನಾವು ಇಡಿಸಬಹುದು, ಬೇಕೆಂದಾಗ ಎತ್ತಿಸಲಾರೆವು.

ಆ ಕೇಂದ್ರದಲ್ಲಿ ನಾನಿದ್ದಷ್ಟು ವರ್ಷವೂ ಮಂಗಳವಾರ ಸಂಜೆ ಎಲ್ಲರೂ ಮನೆಗೆ ಹೋದರೂ ಬೊಮ್ಮಯ್ಯ ಹೋಗುತ್ತಿರಲಿಲ್ಲ. ಬೆಳಿಗ್ಗೆ ಕುದಿಸಿ ಒರೆಸಿ ಇಟ್ಟಿದ್ದ ಸೂಜಿಗಳನ್ನು ತೆಗೆದು, ಸ್ಟವ್ ಹೊತ್ತಿಸಿ, ಮತ್ತೆ ಕುದಿಯಲು ಇಡುತ್ತಿದ್ದ.