ಗ್ಯಾರೇಜಿನ ಬಿಸಿಗಾಳಿಯಲ್ಲಿ ಇಡ್ಲಿ ಹಿಟ್ಟು

ಮಹಡಿಯ ಮೇಲಿನ ನಿಮ್ಮ ಕೋಣೆ ಈಗ ಬೆಚ್ಚಗಿದೆ. ಅಕ್ಕ ತಮ್ಮ ಇಬ್ಬರೂ ಜನವರಿಯಲ್ಲೂ ಹೊದಿಕೆ ಒದ್ದು ಮಲಗುತ್ತೀರಿ. ಮೊದಲು ಹಾಗಿರಲಿಲ್ಲ. ಆ ಕೋಣೆಯನ್ನು ಬೆಚ್ಚಗೆ ಮಾಡಿದ ದಿನ ನನ್ನ ಇಡ್ಲಿ ಹಿಟ್ಟಿಗೆ ಏನಾಯಿತು ಎಂಬ ಕಥೆಯನ್ನು ನಿಮ್ಮಮ್ಮ ನೆಂಟರೆದುರು ಬಗೆಬಗೆಯಾಗಿ ಹೇಳುತ್ತಾಳೆ. ಆದರೆ ಅವಳು ಆವತ್ತು ಮನೆಯಲ್ಲೇ ಇರಲಿಲ್ಲ. ಇದ್ದವಳು ನಾನು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಒಂದು ವಿಷಯ ನಿಮಗೆ ಗೊತ್ತಿರಬೇಕು. ನಮ್ಮ ಊರಿನ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಜಗಳ ಏನಿಲ್ಲ, ಅದೊಂದು ಸಂಕೋಚ. ನನ್ನ ತಾಯಿ ನಿಮ್ಮ ಅಜ್ಜನ ಜೊತೆ ಬದುಕಿಡೀ ಬಾಗಿಲ ಸಂದಿಯಿಂದಲೇ ಮಾತಾಡಿದಳು. ಅದೂ ಅವರಿಗಲ್ಲ, ಗೋಡೆಗೆ ಹೇಳಿದ ಹಾಗೆ: "ಎಲೆ ಹಾಕಿದೆಯಂತೆ." ಏಳನೆಯ ಕ್ಲಾಸಿನವರೆಗೆ ಓದಿದ ನಾನು ನನ್ನ ತಾಯಿಗಿಂತ ಧೈರ್ಯಸ್ಥೆ ಎಂದುಕೊಂಡಿದ್ದೆ. ನಿಮ್ಮ ಅಜ್ಜ ಹೋದ ಮೇಲೆ ಸಿಯಾಟಲ್‌ಗೆ ಬಂದು ನಿಮ್ಮ ಮನೆಯಲ್ಲಿ ಇರತೊಡಗಿದಾಗ ಗೊತ್ತಾಯಿತು, ಏನೂ ವ್ಯತ್ಯಾಸವಿಲ್ಲ ಎಂದು.

ಕಷ್ಟವೇನೆಂದರೆ, ನಿಮ್ಮ ಮನೆಯ ಅಡುಗೆಮನೆಗೆ ಬಾಗಿಲೇ ಇಲ್ಲ. ಒಲೆಯ ಮುಂದೆ ನಿಂತರೆ ಸೋಫಾದಲ್ಲಿ ಕೂತವರಿಗೆ ಪೂರ್ತಿ ಕಾಣುತ್ತೇವೆ. ಅಡಗಿಕೊಳ್ಳಲು ಒಂದು ಕಂಬವೂ ಇಲ್ಲ. ಆದ್ದರಿಂದ ನಿಮ್ಮಪ್ಪನಿಗೆ ಏನಾದರೂ ಹೇಳುವುದಿದ್ದರೆ ನಾನು ಫ್ರಿಜ್ಜಿನ ಬಾಗಿಲು ತೆರೆದು ಅದರ ಹಿಂದೆ ನಿಲ್ಲುತ್ತಿದ್ದೆ. ಅಲ್ಲಿಂದ ನಿಮ್ಮಮ್ಮನಿಗೆ ಹೇಳುತ್ತಿದ್ದೆ, ಅವಳು ಅವರಿಗೆ ಹೇಳುತ್ತಿದ್ದಳು. "ಅಮ್ಮ, ಮಾತು ಬೇಗ ಮುಗಿಸು, ಹಾಲು ಕೆಡುತ್ತೆ" ಎಂದು ಬೈಯುತ್ತಿದ್ದಳು. ನಿಮ್ಮಮ್ಮ ಇಲ್ಲದಾಗ ಹಿರಿಯವಳಾದ ನಿನ್ನನ್ನು ಕಳಿಸುತ್ತಿದ್ದೆ. ನಿನಗಾಗ ಐದು ವರ್ಷ. ಕನ್ನಡ ಎಲ್ಲಾ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿದ್ದದ್ದು ಮಾತ್ರ ಇಂಗ್ಲಿಷು.

ಮೊದಲ ಚಳಿಗಾಲದಲ್ಲಿ ನನ್ನ ಇಡ್ಲಿ ನನ್ನ ಮಾನ ಕಳೆಯಿತು. ಹಿಟ್ಟು ರುಬ್ಬಿಟ್ಟರೆ ಎರಡು ದಿನವಾದರೂ ಹಾಗೇ ತಣ್ಣಗೆ ಕೂತಿರುತ್ತಿತ್ತು, ಒಂದು ಗುಳ್ಳೆ ಏಳುತ್ತಿರಲಿಲ್ಲ. ಓವನ್ನಿನಲ್ಲಿ ದೀಪ ಹಾಕಿ ಇಡಿ ಎಂದು ಯಾರೋ ಹೇಳಿದರು. ನಮ್ಮ ಓವನ್ನಿನ ತುಂಬ ನಿಮ್ಮಮ್ಮ ಬಾಣಲೆ, ಕುಕ್ಕರು ಜೋಡಿಸಿಟ್ಟಿದ್ದಳು, ಅವನ್ನು ತೆಗೆದು ಇಡಲು ಬೇರೆ ಜಾಗವಿರಲಿಲ್ಲ. ನಿಮ್ಮಪ್ಪ ಆ ಇಡ್ಲಿಗಳನ್ನು ಸಾಂಬಾರಿನಲ್ಲಿ ನೆನೆಸಿ ನೆನೆಸಿ ತಿಂದರು. ನೀನು ಒಂದನ್ನು ನೆಲದ ಮೇಲೆ ಉರುಳಿಸಿದೆ. ಅದು ಚೆನ್ನಾಗಿ ಉರುಳಿತು.

ಒಂದು ದಿನ ಬಟ್ಟೆ ಒಗೆಯುವ ಮಷೀನಿಗೆ ಬಟ್ಟೆ ಹಾಕಲು ಗ್ಯಾರೇಜಿಗೆ ಹೋದೆ. ಅಲ್ಲಿ ಮೂಲೆಯಲ್ಲಿ ಮನೆಯ ಹೀಟರು ಬೀರುವಿನ ಹಾಗೆ ನಿಂತಿದೆ, ನಿಮಗೆ ಗೊತ್ತು. ಅದರ ತಲೆಯಿಂದ ತಗಡಿನ ಕೊಳವೆಗಳು ಹೊರಟು ಒಂದೊಂದು ಕೋಣೆಗೆ ಹೋಗುತ್ತವೆ. ಹಳೆಯ ಪೇಂಟ್ ಡಬ್ಬಗಳಿದ್ದ ಹಲಗೆಯ ಪಕ್ಕ ಬಗ್ಗಿದಾಗ ನನ್ನ ಕತ್ತಿಗೆ ಹಿತವಾದ ಬಿಸಿಗಾಳಿ ತಾಗಿತು. ತಲೆಯೆತ್ತಿ ನೋಡಿದರೆ ಕೊಳವೆಯ ಎರಡು ತಗಡು ಕೂಡುವ ಕಡೆ ಕೈಬೆರಳು ತೂರುವಷ್ಟು ಸಂದಿ. ಅಲ್ಲಿಂದ ಗಾಳಿ ನೇರ ಹಲಗೆಯ ಮೇಲೆ ಬೀಳುತ್ತಿತ್ತು.

ಅದು ಒಡಕು ಎಂದು ನನಗೆ ಹೊಳೆಯಲೇ ಇಲ್ಲ. ಈ ದೇಶದಲ್ಲಿ ಎಲ್ಲದಕ್ಕೂ ಒಂದು ಅನುಕೂಲ ಮಾಡಿರುತ್ತಾರೆ. ತರಕಾರಿ ಸಿಪ್ಪೆ ಅರೆಯಲು ಸಿಂಕಿನೊಳಗೇ ಯಂತ್ರ, ಬಟ್ಟೆ ಒಣಗಿಸಲು ಪೆಟ್ಟಿಗೆ. ಹಾಗೆಯೇ ಇದನ್ನೂ ಏನಾದರೂ ಬೆಚ್ಚಗಿಡಲು ಬಿಟ್ಟಿದ್ದಾರೆ ಎಂದುಕೊಂಡು, ಮನೆ ಕಟ್ಟಿದವರಿಗೆ ಮನಸ್ಸಿನಲ್ಲೇ ಒಳ್ಳೆಯದಾಗಲಿ ಎಂದೆ. ಪೇಂಟ್ ಡಬ್ಬ ಸರಿಸಿ, ಹಲಗೆ ಒರೆಸಿ, ಹಿಟ್ಟಿನ ಪಾತ್ರೆ ಇಟ್ಟೆ. ಬೆಳಗ್ಗೆ ಹೋಗಿ ನೋಡಿದರೆ ಹಿಟ್ಟು ಮುಚ್ಚಳವನ್ನು ಎತ್ತಿ ಹಿಡಿದಿತ್ತು.

ಆಮೇಲೆ ನನ್ನ ಇಡ್ಲಿಗೆ ಹೆಸರು ಬಂತು. ನಿಮ್ಮಮ್ಮನ ಗೆಳತಿಯರು ಬಂದು ತಿಂದು, "ಆಂಟಿ, ಈ ಚಳೀಲಿ ಹೇಗೆ ಹುದುಗಿಸ್ತೀರಿ?" ಎಂದು ಕೇಳುತ್ತಿದ್ದರು. ನನಗೆ ನಾಚಿಕೆಯಾಗಿ ಚಟ್ನಿ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಹೇಳಲಿಲ್ಲವೆಂದು ಹೆಸರು ಇನ್ನೂ ಬೆಳೆಯಿತು. ಎರಡನೆಯ ಚಳಿಗಾಲದ ಸಂಕ್ರಾಂತಿಗೆ ಕನ್ನಡದ ಮನೆಗಳವರೆಲ್ಲ ಒಂದು ಹಾಲ್ ಬಾಡಿಗೆಗೆ ಹಿಡಿದು ಸೇರುವುದಾಯಿತು. ನಿಮ್ಮಮ್ಮ ನನ್ನನ್ನು ಕೇಳದೆ, "ಇಡ್ಲಿ ನಮ್ಮಮ್ಮಂದು" ಎಂದು ಎಲ್ಲರಿಗೂ ಹೇಳಿಬಿಟ್ಟಳು. ನನಗೆ ಭಯವೂ ಆಯಿತು, ಒಳಗೊಳಗೇ ಸಂತೋಷವೂ ಆಯಿತು. ಈ ಊರಿನಲ್ಲಿ ನಾನು ಇಂಥವರ ತಾಯಿ, ಇಂಥವರ ಅಜ್ಜಿ ಎಂದಷ್ಟೇ ಗೊತ್ತಿದ್ದ ಜನರ ಮುಂದೆ ನನ್ನದು ಎನ್ನುವಂಥದ್ದೊಂದನ್ನು ಬಡಿಸುವುದಿತ್ತು.

ಅದೇ ಹೊತ್ತಿಗೆ ನಿಮ್ಮಪ್ಪನಿಗೆ ನಿಮ್ಮ ಕೋಣೆಯದೇ ಚಿಂತೆ. ಮನೆಯೆಲ್ಲ ಬೆಚ್ಚಗಿದ್ದರೂ ಅದೊಂದು ಕೋಣೆ ತಣ್ಣಗೆ. ನೀವಿಬ್ಬರೂ ಸ್ವೆಟರು, ಟೋಪಿ ಹಾಕಿಕೊಂಡು ಮಲಗುತ್ತಿದ್ದಿರಿ. ಅವರು ಕಿಟಕಿಗೆ ಪ್ಲಾಸ್ಟಿಕ್ ಅಂಟಿಸಿದರು. ಎದುರಿಗೆ ಕಂಡ ಕೊಳವೆಗಳಿಗೆ ಬೆಳ್ಳಿ ಬಣ್ಣದ ಟೇಪು ಸುತ್ತಿದರು, ಅದು ಬಿಸಿಗೆ ಒಣಗಿ ಬಾಳೆಪಟ್ಟೆಯ ಹಾಗೆ ಜೋತಾಡಿತು. ಕೊನೆಗೆ ಕಾರಿನಲ್ಲಿ ಗಂಟೆ ದೂರದ ಎವರೆಟ್ ಊರಿನಲ್ಲಿದ್ದ ಒಬ್ಬ ಸ್ನೇಹಿತರನ್ನು ಕರೆದರು. ಹುಬ್ಬಳ್ಳಿ ಕಡೆಯವರು, ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಎಂಜಿನಿಯರು, ದೊಡ್ಡ ಗಂಟಲು. ಅವರು ಬಂದದ್ದು ಸಂಕ್ರಾಂತಿ ಊಟದ ಹಿಂದಿನ ದಿನ, ಶನಿವಾರ. ನಿಮ್ಮಮ್ಮ ಪೇಪರ್ ತಟ್ಟೆ, ಲೋಟ ತರಲು ನಿನ್ನ ತಮ್ಮನನ್ನು ಕರೆದುಕೊಂಡು ಟಕ್ವಿಲಾ ಕಡೆಯ ಅಂಗಡಿಗಳಿಗೆ ಹೋಗಿದ್ದಳು. ನಾನು ಹಿಟ್ಟು ರುಬ್ಬಿ, ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆಗೆ ಹಾಕಿ, ಟವೆಲ್ ಹೊದಿಸಿ ಆಗಲೇ ಹಲಗೆಯ ಮೇಲೆ ಇಟ್ಟು ಬಂದಿದ್ದೆ.

ಅವರಿಬ್ಬರೂ ಗ್ಯಾರೇಜಿಗೆ ಹೋದ ಸ್ವಲ್ಪ ಹೊತ್ತಿಗೆ ನೀನು ಓಡಿ ಬಂದೆ.

"ಅಜ್ಜಿ, ಡ್ಯಾಡಿ ವಾಂಟ್ಸ್ ಊದುಬತ್ತಿ."

"ಯಾಕೆ ಪುಟ್ಟಿ?"

"ಫಾರ್ ದ ಹೀಟರ್."

ನನ್ನ ಕಣ್ಣು ತುಂಬಿ ಬಂತು. ಎಷ್ಟು ಓದಿದರೂ ಯಂತ್ರಕ್ಕೆ ಕೈ ಹಾಕುವ ಮುಂಚೆ ಪೂಜೆ ಮಾಡುವ ಬುದ್ಧಿ ಉಳಿದಿದೆಯಲ್ಲ ಎಂದುಕೊಂಡೆ. ಒಂದು ತಟ್ಟೆಯಲ್ಲಿ ಊದುಬತ್ತಿ, ಬೆಂಕಿಪೊಟ್ಟಣ, ಅರಿಶಿನ, ಕುಂಕುಮ, ಎರಡು ಬಾಳೆಹಣ್ಣು ಇಟ್ಟೆ. ತೆಂಗಿನಕಾಯಿ ಇರಲಿಲ್ಲ. ಹೊಸ ಗಾಡಿಗೆ ಇಡುವಂತೆ ನಿಂಬೆಹಣ್ಣು ಇಟ್ಟು ನಿನ್ನ ಕೈಯಲ್ಲಿ ಕಳಿಸಿದೆ. ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗುವ ಕಡೆ ಮಾತ್ರ ಒಂದು ಸರಿಯಾದ ಬಾಗಿಲಿದೆ. ಅದರ ಸಂದಿಯಲ್ಲಿ ನಿಂತೆ.

"ಆಹಾ, ಪ್ರಸಾದನೂ ಬಂತಲ್ಲೋ!" ಎಂದು ಎವರೆಟ್‌ನವರು ಒಂದು ಬಾಳೆಹಣ್ಣು ಸುಲಿದರು.

ನಿಮ್ಮಪ್ಪ ಹಚ್ಚಿದ ಊದುಬತ್ತಿ ಹಿಡಿದು ಹೀಟರಿನ ಸುತ್ತ ನಿಧಾನವಾಗಿ ಬೆಳಗಿದರು. ನಾನು ಬಾಗಿಲ ಹಿಂದೆ ಕೈಮುಗಿದೆ. ಆದರೆ ಪೂಜೆ ಮುಗಿಯುವ ಲಕ್ಷಣವೇ ಇಲ್ಲ. ಕೊಳವೆಯಿಂದ ಕೊಳವೆಗೆ ಹೋಗುತ್ತಾರೆ, ಬಗ್ಗುತ್ತಾರೆ, ಏಣಿ ಹತ್ತುತ್ತಾರೆ.

"ಇಲ್ಲೈತಿ ನೋಡು! ಹೊಗಿ ಹೆಂಗ ಅಡ್ಡ ಹಾರಾಕತ್ತೈತಿ! ಗುರುತು ಹಾಕು!"

ಆಗ ತಿಳಿಯಿತು, ಇದು ಪೂಜೆಯಲ್ಲ, ಗಾಳಿ ಎಲ್ಲಿ ಸೋರುತ್ತದೆ ಎಂದು ಹೊಗೆಯಿಂದ ಹುಡುಕುವ ಉಪಾಯ. ಹುಡುಕುತ್ತಾ ಹುಡುಕುತ್ತಾ ಇಬ್ಬರೂ ನನ್ನ ಹಲಗೆಯ ಹತ್ತಿರ ಬಂದರು.

"ಅಬ್ಬಬ್ಬಬ್ಬಾ! ಊದಬತ್ತಿನ ಆರಿ ಹೋತಲ್ಲೋ! ಇದು ಒಡಕಲ್ಲ, ಊರ ಅಗಸಿ ಬಾಗಲಾ ಇದು! ಮತ್ತ ಇದೇನು? ಯಾರೋ ಪಾತ್ರಿಗೆ ಟವೆಲ್ ಹೊದಿಸಿ ಮಲಗಿಸ್ಯಾರ!"

ನಿಮ್ಮಪ್ಪ ಟವೆಲ್ ಎತ್ತಿ ನೋಡಿದರು. "ಇಡ್ಲಿ ಹಿಟ್ಟು ಕಣೋ" ಎಂದು ಮೆಲ್ಲಗೆ ಹೇಳಿದರು. ಆಮೇಲೆ, "ಮೊದಲು ಇದನ್ನೇ ಮುಚ್ಚೋಣ. ಹೀಟರ್ ಆಫ್ ಮಾಡ್ತೀನಿ. ಅಂಟು ಒಣಗೋಕೆ ನಾಳೆ ಬೆಳಗ್ಗೆವರೆಗೂ ಹಾಗೇ ಬಿಡಬೇಕಲ್ವಾ?"

"ಹೂಂ, ರಾತ್ರಿ ಪೂರ್ತಿ."

ಸಂಕ್ರಾಂತಿಯ ಹಾಲ್‌ಗೆ ಬರುವ ಜನರೆಲ್ಲ ನನ್ನ ಕಣ್ಣ ಮುಂದೆ ಖಾಲಿ ತಟ್ಟೆ ಹಿಡಿದು ನಿಂತಂತಾಯಿತು. ನಿನ್ನ ಭುಜ ಹಿಡಿದು ಹೇಳಿದೆ: "ನಿಮ್ಮಪ್ಪನಿಗೆ ಹೇಳು ಪುಟ್ಟಿ, ನಾಳೆ ಬೆಳಗ್ಗೆ ಹಿಟ್ಟು ಎತ್ತಿಕೊಂಡ ಮೇಲೆ ಮುಚ್ಚಿದರೆ ಆಗುತ್ತಾ ಅಂತ. ಇಷ್ಟು ಜನಕ್ಕೆ ಒಪ್ಪಿಕೊಂಡುಬಿಟ್ಟಿದೀವಿ. ಅವರ ಕೆಲಸಕ್ಕೆ ಅಡ್ಡಿ ಮಾಡ್ತಿದೀನಿ ಅಂತ ತಪ್ಪು ತಿಳ್ಕೋಬಾರದು ಅಂತಾನೂ ಹೇಳು."

ನೀನು ಒಳಗೆ ಹೋಗಿ, "ಅಜ್ಜಿ ಸೆಡ್ ನೋ" ಎಂದೆ.

"ನೋ ಅಂದ್ರೆ? ಯಾಕಂತೆ?"

"ಇಡ್ಲಿ."

ನಿಮ್ಮಪ್ಪ ಪಾಪ, ನಿನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ವಿನಯವಾಗಿ ಹೇಳಿಕೊಟ್ಟರು. ಸ್ನೇಹಿತರು ಅಷ್ಟು ದೂರದಿಂದ ಬಂದಿದ್ದಾರೆ, ಮುಂದಿನ ವಾರ ಅವರಿಗೆ ಬಿಡುವಿಲ್ಲ, ಅತ್ತೆ ದಯವಿಟ್ಟು ಬೇಸರ ಮಾಡಿಕೊಳ್ಳಬಾರದು ಎಂದು. ಎಲ್ಲವೂ ನನಗೆ ಕೇಳಿಸುತ್ತಿತ್ತು. ನೀನು ಬಂದು, "ಡ್ಯಾಡಿ ಆಲ್ಸೋ ಸೆಡ್ ನೋ" ಎಂದೆ.

ಎವರೆಟ್‌ನವರು ನಗಲು ಶುರುಮಾಡಿದರು. "ಲೇ, ನಡುವ ಇರೋದು ಒಂದ ಬಾಗಲಾ. ಆ ಕೂಸನ್ನ ಎಷ್ಟ ಸಲ ಓಡಸ್ತೀರಿ? ನೀನ ಹೋಗಿ ಮಾತಾಡು!"

"ಸುಮ್ನಿರೋ. ನಮ್ಮತ್ತೆ ನನ್ ಹತ್ರ ಮಾತಾಡಲ್ಲ."

"ನೀ ಮಾತಾಡ್ತೀ ಏನ್?"

"ನಾನಾ? ನನಗೆ ಅವರನ್ನ ಕಂಡ್ರೆ... ಹೆಂಗೆ ಮಾತಾಡೋದೋ?"

ಸಂಕೋಚ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅವರಿಗೂ ಅಷ್ಟೇ ಇತ್ತು!

"ಮುಚ್ಚೋದು ಬಿಟ್ಬಿಡೋಣ ಬಿಡು, ಇವತ್ತು ಬೇಡ" ಎಂದರು ನಿಮ್ಮಪ್ಪ. "ಹೆಂಗೂ ಎರಡು ವರ್ಷ ಕಳೆದಿದೆ."

"ಬಿಡೂದೇನ್ ಬಿಡೂದು! ನಿನ್ನ ಮಕ್ಕಳ ರೂಮಿಗೆ ಹೋಗೋ ಪೈಪ್ ಇದ ಐತಿ. ಅವರಿಗೆ ಹೋಗೋ ಬಿಸಿ ಎಲ್ಲಾ ಇಲ್ಲೇ ಇಳದು ಈ ಪಾತ್ರಿ ಕಾಸಾಕತ್ತೈತಿ. ಮಕ್ಕಳು ಟೊಪಗಿ ಹಾಕ್ಕೊಂಡು ಮಲಗ್ತಾವ, ಹಿಟ್ಟು ಆರಾಮ ಮಲಗೈತಿ!"

ಅದನ್ನು ಕೇಳಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲು ತಳ್ಳಿಕೊಂಡು ಗ್ಯಾರೇಜಿಗೆ ಇಳಿದೆ. ಬಟ್ಟೆ ಒಗೆಯುವ ಮಷೀನನ್ನು ನೋಡುತ್ತಾ, "ಮುಚ್ಚಿಬಿಡಿ" ಎಂದೆ.

ನಿಮ್ಮಪ್ಪ ಗಾಬರಿಯಾಗಿ ಎದ್ದವರು ಕೊಳವೆಗೆ ತಲೆ ಬಡಿಸಿಕೊಂಡರು. ತಗಡು ಢಣ್ಣೆಂದಿತು.

"ಏನಂದ್ರಿ ಅತ್ತೆ?"

"ಮುಚ್ಚಿಬಿಡಿ ಅಂದೆ. ಅದು ಮಕ್ಕಳ ಬಿಸಿ ಅಂತ ನನಗೆ ಗೊತ್ತಿರಲಿಲ್ಲ. ಹಿಟ್ಟಿಗೆ ಅಂತಾನೇ ಬಿಟ್ಟಿದಾರೆ ಅಂದ್ಕೊಂಡಿದ್ದೆ."

"ಹಿಟ್ಟಿಗೆ ಅಂತಾನಾ?" ಎಂದರು. ತಲೆ ಉಜ್ಜಿಕೊಳ್ಳುತ್ತಲೇ ಅವರಿಗೆ ನಗು ಬಂತು, ತಡೆದುಕೊಂಡರು. "ಮತ್ತೆ ನಾಳೆ ಇಡ್ಲಿ?"

ಎವರೆಟ್‌ನವರೇ ಹೇಳಿದರು: "ಅದಕ್ಯಾಕ ಚಿಂತಿ ಮಾಡ್ತೀರಿ ತಾಯಿ? ನಮ್ಮನಿಗೆ ಒಯ್ತೀನಿ. ನೆಲದಾಗ ಬಿಸಿಗಾಳಿ ಬರೋ ಜಾಲರಿ ಅದಾವಲ್ಲ, ಅದರ ಮ್ಯಾಲೆ ಇಟ್ಟುಬಿಡ್ತೀನಿ. ನಮ್ಮನಿ ಪೈಪಿನಾಗ ಒಂದ ಕೂದಲದಷ್ಟೂ ಸೋರಂಗಿಲ್ಲ. ನಾನ ಕೈಯಾರೆ ಅಂಟು ಬಳದೇನಿ. ವಿಮಾನ ಇದ್ದಂಗೈತಿ."

ಬೂದು ಬಣ್ಣದ ಗಟ್ಟಿ ಅಂಟನ್ನು ಇಬ್ಬರೂ ಬ್ರಶ್ಶಿನಲ್ಲಿ ಸಂದಿಸಂದಿಗೂ ಬಳಿದರು. ದೊಡ್ಡ ಸಂದಿಗೆ ಬಲೆಯಂಥ ಪಟ್ಟಿ ಅಂಟಿಸಿ ಅದರ ಮೇಲೂ ಬಳಿದರು. ಸಾಯಂಕಾಲ ನನ್ನ ಪಾತ್ರೆಯನ್ನು ಅವರ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಮಗುವಿಗೆ ಕಟ್ಟುವಂತೆ ಬೆಲ್ಟು ಕಟ್ಟಿದರು. ಹಿಟ್ಟು ಉಬ್ಬುತ್ತದೆ, ಎರಡು ಪಾತ್ರೆಗೆ ಹಂಚಿ ಇಡಿ ಎಂದು ನಾನು ಹೇಳಬೇಕಾಗಿತ್ತು. ಆದರೆ ಆವತ್ತಿನ ಧೈರ್ಯವನ್ನೆಲ್ಲ ಅಳಿಯನ ಮೇಲೆ ಖರ್ಚು ಮಾಡಿಬಿಟ್ಟಿದ್ದೆ, ಅವರ ಸ್ನೇಹಿತರಿಗೆ ಉಳಿದಿರಲಿಲ್ಲ. ನಿನ್ನ ಕಿವಿಯಲ್ಲಿ ಹೇಳಿ ಕಳಿಸಿದೆ. ನೀನು ಕಾರಿನ ಕಿಟಕಿಯ ಹತ್ತಿರ ಹೋಗಿ ಎರಡು ಬೆರಳು ತೋರಿಸಿದೆ. ಅವರೂ ಖುಷಿಯಾಗಿ ಎರಡು ಬೆರಳು ತೋರಿಸಿ ಹೊರಟುಹೋದರು.

ಭಾನುವಾರ ಬೆಳಗ್ಗೆ ಫೋನು ಬಂತು. ಸ್ಪೀಕರಿಗೆ ಹಾಕುವ ಅಗತ್ಯವೇ ಬೀಳಲಿಲ್ಲ.

"ಏ, ನಿಮ್ಮತ್ತಿಯವರ ಹಿಟ್ಟು ನಮ್ಮ ಪೈಪಿನಾಗ ಇಳದೈತೋ! ಜಾಲರಿ ಮ್ಯಾಲೆ ದ್ವಾಸಿ ಆಗೈತಿ! ಹೀಟರ್ ಹಚ್ಚಿದ್ರ ಮನಿ ತುಂಬ ಹುಳಿ ವಾಸನಿ. ಒಂದ ಕಡೀನೂ ಸೋರಂಗಿಲ್ಲ ನೋಡು, ಎಲ್ಲಾ ರೂಮಿಗೂ ಬರೋಬ್ಬರಿ ಹೋಗಾಕತ್ತೈತಿ!"

ನಿಮ್ಮಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ನಿಮ್ಮಪ್ಪ ಮಾತ್ರ ಫೋನು ಕಿವಿಯಿಂದ ದೂರ ಹಿಡಿದು ನನ್ನ ಕಡೆ ತಿರುಗಿ, "ಅತ್ತೆ, ಹುದುಗು ಚೆನ್ನಾಗಿ ಬಂದಿದೆಯಂತೆ" ಎಂದರು.

ಉಳಿದ ಹಿಟ್ಟನ್ನು ಊಟದ ಹಾಲ್‌ಗೇ ತರಿಸಿ ಅಲ್ಲಿನ ಅಡುಗೆಮನೆಯಲ್ಲಿ ಬೇಯಿಸಿದೆವು. ಇಡ್ಲಿಗಳು ಅಷ್ಟು ಹಗುರವಾಗಿ ಯಾವತ್ತೂ ಆಗಿರಲಿಲ್ಲ. ಆದರೆ ಕಡಿಮೆ ಬಿದ್ದವು. ದೊಡ್ಡವರಿಗೆ ಒಂದು, ಮಕ್ಕಳಿಗೆ ಕೇಳಿದಷ್ಟು ಎಂದು ನಾನೇ ನಿಂತು ಬಡಿಸಿದೆ. ಹಿಟ್ಟಿನ ಕಥೆ ನನಗಿಂತ ಮುಂಚೆ ಹಾಲ್‌ಗೆ ಬಂದು ಮುಟ್ಟಿತ್ತು. ಸಾಲಿನಲ್ಲಿ ಬಂದವರೆಲ್ಲ ನಗುತ್ತಾ ತಟ್ಟೆ ಒಡ್ಡುತ್ತಿದ್ದರು. ನಾನೂ ನಗುತ್ತಿದ್ದೆ, ತಲೆ ತಗ್ಗಿಸಿಕೊಂಡೇ.

ಕೊನೆಗೆ ನಿಮ್ಮಪ್ಪ ಎರಡನೆಯ ಸಲ ಬಂದರು. "ಅತ್ತೆ, ಇನ್ನೊಂದು ಹಾಕಿ."

ಪಾತ್ರೆಯಲ್ಲಿ ಒಂದೇ ಇತ್ತು. ಅವರ ಹಿಂದೆ ಎವರೆಟ್‌ನವರು ನಿಂತಿದ್ದರು, ಇನ್ನೂ ಒಂದೂ ತಿಂದಿರಲಿಲ್ಲ.

"ನಿಮಗಿಲ್ಲ" ಎಂದೆ. "ಇದು ಅವರಿಗೆ."

ಕೇಳಿದ ಅಳಿಯನಿಗೆ ಇಡ್ಲಿ ಇಲ್ಲವೆಂದ ಅತ್ತೆ ನಮ್ಮ ಊರಿನಲ್ಲಿ ಯಾರೂ ಇರಲಿಕ್ಕಿಲ್ಲ.

"ನನಗ ಬ್ಯಾಡ್ರೀ ತಾಯಿ!" ಎಂದು ಎವರೆಟ್‌ನವರು ತಟ್ಟೆ ಹಿಂದಕ್ಕೆ ಎಳೆದುಕೊಂಡರು. "ಮುಂಜಾನಿಂದ ಅದನ್ನ ಕೆರದು ಕೆರದು ಸಾಕಾಗೈತಿ. ಅವಗ ಹಾಕ್ರಿ."

ನಿಮ್ಮಪ್ಪನ ತಟ್ಟೆಗೆ ಹಾಕಿದೆ. ಅವರು ಅಲ್ಲೇ ನಿಂತು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಇನ್ಮೇಲೆ ಹಿಟ್ಟು ಎಲ್ಲಿಡ್ತೀರಿ ಅತ್ತೆ?" ಎಂದು ಕೇಳಿದರು.

"ಮುಚ್ಚಿದ್ದು ನೀವು. ಜಾಗಾನೂ ನೀವೇ ಹುಡುಕಿ" ಎಂದೆ.

ಪಕ್ಕದಲ್ಲಿ ಚಟ್ನಿ ಬಡಿಸುತ್ತಿದ್ದ ನಿಮ್ಮಮ್ಮ ಸೌಟು ಎತ್ತಿ ಹಿಡಿದುಕೊಂಡೇ ನಮ್ಮಿಬ್ಬರನ್ನು ನೋಡುತ್ತಾ ನಿಂತುಬಿಟ್ಟಳು. ಸಾಲಿನಲ್ಲಿದ್ದವರು ಚಟ್ನಿ, ಚಟ್ನಿ ಎಂದು ಕೂಗಬೇಕಾಯಿತು.