ಮನೆತನ ವಿಚಾರಿಸಿದ ದಿನ

ನರ್ಸ್ ಆಗಿದ್ದ ನಾನು ಹೆಚ್ಚಿನ ತರಬೇತಿ ಮುಗಿಸಿ, ನಾನೇ ಪರೀಕ್ಷಿಸಿ ಔಷಧಿ ಕೊಡಲು ತಂಬೂರಿನ ಆರೋಗ್ಯ ಕೇಂದ್ರಕ್ಕೆ ಬಂದ ಮೊದಲ ದಿನ. ಹಿಗ್ಗಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಲೆ ಸುತ್ತುತ್ತದೆ ಎಂದು ಒಬ್ಬ ಅಜ್ಜಿ ಬಂದಳು. ಬಿಪಿ ಏರಿತ್ತು. ಕಲಿಸಿದಂತೆ ಇಡೀ ಮನೆಯನ್ನೇ ವಿಚಾರಿಸಿದೆ: ಯಾರಿಗೆ ಸಕ್ಕರೆ ಕಾಯಿಲೆ, ಮಗ ಏನು ಕೆಲಸ ಮಾಡುತ್ತಾನೆ, ಕುಡಿಯುತ್ತಾನಾ.

ಅಜ್ಜಿ ಸೆರಗು ಸರಿಮಾಡಿಕೊಂಡು ನಕ್ಕಳು. “ಹುಡುಗ ಅಗದಿ ಛಲೋ ಅದಾನ್ರಿ ಬಾಯಾರ. ಕನ್ಯಾ ಯಾರ್ರಿ, ನಿಮ್ಮ ತಂಗಿ ಏನು?”

“ಇಲ್ಲಬೇ ಯವ್ವಾ, ಬಿಪಿ ಮನಿತನದಾಗ ಬರ್ತೈತಿ, ಅದಕ್ಕ ಕೇಳಿದೆ. ಅವನ್ನೂ ಕರಕೊಂಡು ಬಾ, ನೋಡೂಣು.”

ಮರುದಿನ ಮಗ ಇಸ್ತ್ರಿ ಅಂಗಿ ಹಾಕಿ, ಪೌಡರ್ ಬಳಿದುಕೊಂಡು ಬಂದು ಕೂತ. ಅವನ ಬಿಪಿಯೂ ಏರಿತ್ತು. ಅದು ಮನೆತನದ್ದೋ, ಕನ್ಯಾ ನೋಡಲು ಬಂದದ್ದಕ್ಕೋ ಎಂದು ಗುರುತಿಸುವುದನ್ನು ಮಾತ್ರ ತರಬೇತಿಯಲ್ಲಿ ಯಾರೂ ಕಲಿಸಿರಲಿಲ್ಲ.