ಬಿರುಕು ಹುಡುಕುತ್ತಿದ್ದ ಬೆರಳು

ಮೊನ್ನೆ ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಮೀಟರ್ ಬೋರ್ಡಿನಲ್ಲಿ ಕಿಡಿ ಹಾರಿತು. ಅದರ ಹಿಂದೆಯೇ ಮೂಗಿಗೆ ಚುಚ್ಚುವ ಒಂದು ವಾಸನೆ. ಸುಟ್ಟ ವೈರಿನದಲ್ಲ, ಗಾಳಿಯೇ ಸುಟ್ಟಂಥದ್ದು. ಅದು ನನಗೆ ಮೊದಲು ತಾಕಿದ್ದು ಹನುಮಂತನಗರದ ಒಂದು ಶೆಡ್ಡಿನಲ್ಲಿ. ಆ ಶೆಡ್ಡಿನ ಮೆಕ್ಯಾನಿಕ್ಕಿನ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರ ಮುಖ ಕಣ್ಣ ಮುಂದೆ ಬಂತು...

ಹಲವು ವರ್ಷಗಳ ಹಿಂದಿನ ಮಾತು. ಆಗ ನನ್ನ ಬಳಿ ತಂದೆಯಿಂದ ಬಂದ ಒಂದು ಕಾರಿತ್ತು. ಊರಿಗೆ ಕಾರುಗಳೇ ಹೊಸದಾಗಿದ್ದ ಕಾಲದ್ದು. ಅದರ ಡಿಸ್ಟ್ರಿಬ್ಯೂಟರ್, ಅಂದರೆ ಎಂಜಿನ್ನಿನ ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ, ಕೈಕೊಟ್ಟಿತ್ತು. ಅದನ್ನು ಸರಿಮಾಡಬಲ್ಲವರು ನಮ್ಮ ಕಡೆ ಒಬ್ಬರೇ, ಆ ಅಕ್ಕನ ಗಂಡ. ಹೊಲಿಗೆ ಮೆಷಿನ್ನಿನ ಮೋಟರಿನಿಂದ ಅವರೇ ಒಂದು ಪರೀಕ್ಷೆಯ ಮೇಜು ಕಟ್ಟಿಕೊಂಡಿದ್ದರು. ಡಿಸ್ಟ್ರಿಬ್ಯೂಟರನ್ನು ಅದರ ಮೇಲೆ ಕೂರಿಸಿ ತಿರುಗಿಸಿದರೆ ನಾಲ್ಕು ಕಡೆ ನೀಲಿ ಕಿಡಿ. ಸವೆದ ಒಳಬಳೆ ಬದಲಿಸಿ, ಸಡಿಲಾದ ಸ್ಪ್ರಿಂಗ್ ತೆಗೆದು ಬೇರೆ ಹಾಕಿ, ಕಾರು ಹೊಸದಾಗಿದ್ದಾಗಲೂ ಇಲ್ಲದಷ್ಟು ಚೊಕ್ಕವಾಗಿ ಕಿಡಿ ಬೀಳುವಂತೆ ಮಾಡುತ್ತಿದ್ದರು. ಕೆಲಸದಲ್ಲಿ ಗಟ್ಟಿಗರು.

ನನ್ನ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಎಲ್ಲೋ ಬಿರುಕಿದೆ, ಅಲ್ಲಿಂದ ಕರೆಂಟು ಸೋರುತ್ತಿದೆ ಎಂದರು. ಬೇರೆ ಮುಚ್ಚಳ ಸಿಗುವಂತಿರಲಿಲ್ಲ. "ಕಣ್ಣಿಗೆ ಕಾಣಲ್ಲ ಸಾರ್," ಎಂದು ಮನೆಯ ಕಡೆ ತಿರುಗಿ, "ಬಾರೇ ಇಲ್ಲಿ," ಎಂದು ಕೂಗಿದರು.

ಅಕ್ಕ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಂದು ಸ್ಟೂಲಿನ ಮೇಲೆ ಕೂತರು. ಮೋಟರು ತಿರುಗಿತು. ತೋರುಬೆರಳನ್ನು ಮುಚ್ಚಳದ ಸುತ್ತ ಮೆಲ್ಲಗೆ ಎಳೆಯತೊಡಗಿದರು. ಅರ್ಧ ಸುತ್ತು ಬರುವಷ್ಟರಲ್ಲಿ ಮೈಯೆಲ್ಲ ಅದುರಿ ಕೈ ಹಿಂದಕ್ಕೆ ಹಾರಿತು.

"ಇಲ್ಲಿ," ಎಂದರು.

ನಾನು ಗಾಬರಿಯಿಂದ, "ಟೆಸ್ಟರ್ ಇಲ್ವಾ?" ಎಂದೆ.

"ಅದು ಸುಳ್ಳು ಹೇಳುತ್ತೆ, ಇವಳು ಹೇಳಲ್ಲ," ಎಂದು ಗಂಡ ನಕ್ಕರು. "ನಾನೇ ಹಿಡೀಬಹುದು. ಆದ್ರೆ ನಂಗೆ ಹಾರ್ಟ್ ಪ್ರಾಬ್ಲಂ ನೋಡಿ."

ಅರಗು ಕರಗಿಸಿ ಬಿರುಕಿಗೆ ತುಂಬಿದರು. ಅಕ್ಕ ಮತ್ತೆ ಬೆರಳಿಟ್ಟರು, ಮತ್ತೆ ಹೊಡೆಯಿತು. ಮತ್ತೊಮ್ಮೆ ಅರಗು, ಮತ್ತೊಮ್ಮೆ ಬೆರಳು... ಎಷ್ಟು ಸಲವೋ. ಕೊನೆಗೆ ಬೆರಳು ಪೂರ್ತಿ ಸುತ್ತು ಬಂತು. "ಆಯ್ತು," ಎಂದು ಅಕ್ಕ ಏಳಲು ಹೋದರು.

ಮರುದಿನ ಹಳೆ ಕಾರುಗಳ ಮೆರವಣಿಗೆ. ನಡುರಸ್ತೆಯಲ್ಲಿ ಕಾರು ನಿಂತರೆ ಮಾನ ಹೋಗುತ್ತದೆಂಬುದಷ್ಟೇ ನನ್ನ ತಲೆಯಲ್ಲಿತ್ತು. "ಅಕ್ಕಾ, ಇನ್ನೊಂದ್ಸಲ ನೋಡ್ಬಿಡಿ. ಸ್ವಲ್ಪ ಸ್ಪೀಡ್ ಜಾಸ್ತಿ ಮಾಡಿ," ಎಂದೆ. ಹೇಳಿದ್ದು ನಾನು, ಅವರ ಗಂಡನಲ್ಲ.

ಅಕ್ಕ ನನ್ನನ್ನು ಒಂದು ಕ್ಷಣ ನೋಡಿ ಕೂತರು. ಮೋಟರಿನ ಅದುರಾಟಕ್ಕೆ ಅರಗು ಬಿಟ್ಟುಕೊಂಡಿತ್ತೇನೋ. ಬೆರಳಿಟ್ಟವರು ಸ್ಟೂಲಿನಿಂದ ನೆಲಕ್ಕೆ ಬಿದ್ದರು. ಅವರ ಕೈ ತಾಗಿ ಮುಚ್ಚಳವೂ ಕಳಚಿ ಉರುಳಿತು. ಗಂಡ ಹಿಡಿಯಲು ಹೋದದ್ದು ಮುಚ್ಚಳವನ್ನು. ನಾನೂ ಮೊದಲು ನೋಡಿದ್ದು ಅದು ಒಡೆಯಿತೇ ಎಂದು.

ಸಂಜೆಯೊಳಗೆ ಅದನ್ನು ಸರಿಮಾಡಿಕೊಟ್ಟರು. ಮಾರನೆಯ ದಿನ ಮೆರವಣಿಗೆ ಯಡಿಯೂರು ಕೆರೆ ದಾಟಿ ಮುಗಿಯುವವರೆಗೂ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಅಲ್ಲಿಗೆ ಬಂದಿದ್ದ ಗಂಡನ ಹೆಗಲ ಮೇಲೆ ಕೈಹಾಕಿ, ಇಂಥ ಕೆಲಸಗಾರ ಇನ್ನೊಬ್ಬರಿಲ್ಲ ಎಂದು ಎಲ್ಲರಿಗೂ ಪರಿಚಯಿಸಿದೆ. ಅಕ್ಕ ಬಂದಿರಲಿಲ್ಲ. ಹೇಗಿದ್ದಾರೆ ಎಂದು ನಾನು ಕೇಳಲೂ ಇಲ್ಲ.

ಮುಂದಿನ ವರ್ಷ ಮತ್ತೆ ಹೋದಾಗ, "ಇವಳ ಬೆರಳು ಹೋಯ್ತು ಸಾರ್, ಸ್ಪರ್ಶಾನೇ ಇಲ್ಲ. ಕಾದ ತವಾ ಮೇಲಿಟ್ರೂ ಗೊತ್ತಾಗಲ್ಲ," ಎಂದರು ಗಂಡ, ಒಳ್ಳೆಯ ಸಾಮಾನೊಂದು ಕೆಟ್ಟುಹೋದ ಬೇಸರದಲ್ಲಿ.

ಹೊರಡುವಾಗ ಅಕ್ಕ ಗೇಟಿನ ಹತ್ತಿರ ಸಿಕ್ಕರು. ಬೆರಳಿಗೆ ಬಟ್ಟೆ ಸುತ್ತಿತ್ತು.

"ನಮ್ಮನೆಯವರು ಮದ್ವೆ ಆದಾಗಿಂದ ಹಂಗೇ, ಬಿಡಿ ಸಾರ್. ನೀವ್ಯಾಕೆ ಇನ್ನೊಂದ್ಸಲ ಅಂದ್ರಿ?"

ಗೇಟು ದಾಟಿ ಬಂದುಬಿಟ್ಟೆ. ಆಮೇಲೆ ಆ ಬೀದಿಗೆ ಕಾಲಿಡಲಿಲ್ಲ.

ನಿನ್ನೆ ಬೆಳಿಗ್ಗೆ ಹೋದೆ. ಶೆಡ್ ಇದ್ದ ಕಡೆ ನಾಲ್ಕಂತಸ್ತಿನ ಕಟ್ಟಡ. ಎದುರಿನ ದಿನಸಿ ಅಂಗಡಿಯವರನ್ನು ವಿಚಾರಿಸಿದೆ.

"ಯಾರು ಸಾರ್? ಹೆಸರೇನು?"

ಗಂಡನ ಹೆಸರು ಥಟ್ಟನೆ ಬಾಯಿಗೆ ಬಂತು. "ಅವರಲ್ಲ, ಅವರ ಮಿಸೆಸ್," ಎಂದೆ. ಅಕ್ಕನ ಹೆಸರು ನನಗೆ ಗೊತ್ತೇ ಇರಲಿಲ್ಲ...

"ಓ, ಆಯಮ್ಮನಾ? ತೀರ್ಕೊಂಡು ಎರಡು ವರ್ಷ ಆಯ್ತಲ್ಲ. ಏನಾಗ್ಬೇಕಿತ್ತು?"

ಕ್ಷಮೆ ಕೇಳಬೇಕಿತ್ತು ಎಂದು ಅಂಗಡಿಯವರ ಹತ್ತಿರ ಹೇಳಿ ಏನು ಪ್ರಯೋಜನ? "ಏನಿಲ್ಲ," ಎಂದು ಹಿಂತಿರುಗಿದೆ.